ಎಣಿಕೆಯಿಂದ ಓದಿನವರೆಗೆ: ಕೋಡ್ ತಿದ್ದುವ ಸಾಧನಗಳ ಹಾದಿ

ಬಳ್ಳಾರಿಯಲ್ಲಿ ಈಗ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಅವರ ಹೆಸರಿನಲ್ಲಿರುವ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1980ರಲ್ಲಿ. ಅಷ್ಟರಲ್ಲಿ ಅಮೆರಿಕದಲ್ಲಿ ಕೋಡ್ ಪರಿಶೀಲನೆಯ ಕೆಲಸ ಯಂತ್ರದ ಕೈಗೆ ಬಂದಾಗಿತ್ತು. 1978ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಅವರ 'ಲಿಂಟ್', ಕಂಪೈಲರ್ ಸುಮ್ಮನೆ ಒಪ್ಪಿಕೊಳ್ಳುತ್ತಿದ್ದ ಸಿ ಕೋಡಿನಲ್ಲೂ ಅನುಮಾನದ ಸಾಲುಗಳನ್ನು ಎತ್ತಿ ತೋರಿಸುತ್ತಿತ್ತು. ಅದಕ್ಕೂ ಮೊದಲು, 1976ರಲ್ಲಿ, ಥಾಮಸ್ ಮೆಕ್‌ಕೇಬ್ ಒಂದು ಲೆಕ್ಕ ಕೊಟ್ಟಿದ್ದರು: ಫಂಕ್ಷನ್ನಿನಲ್ಲಿ ಕವಲೊಡೆಯುವ ಪ್ರತಿ 'ಇಫ್', ಪ್ರತಿ 'ವೈಲ್' ಒಂದೊಂದು ಅಂಕ, ಅದಕ್ಕೆ ಒಂದು ಸೇರಿಸಿ, ಮೊತ್ತ 10 ದಾಟಿದರೆ ಅದನ್ನು ಒಡೆದು ಬರೆಯಿರಿ.

ಈ ಲೆಕ್ಕ ಇಂದಿಗೂ ಚಲಾವಣೆಯಲ್ಲಿದೆ. ಆದರೆ ಅದರ ಮಿತಿ ದೊಡ್ಡದು. ಹನ್ನೆರಡು ತಿಂಗಳಿಗೆ ಹನ್ನೆರಡು 'ಕೇಸ್' ಬರೆದ ಫಂಕ್ಷನ್ ಯಾರಿಗಾದರೂ ಅರ್ಥವಾಗುತ್ತದೆ, ಆದರೂ ಅಂಕ 10 ಮೀರುತ್ತದೆ. ಮೆಕ್‌ಕೇಬ್ ಅವರೇ ಇಂಥದಕ್ಕೆ ವಿನಾಯಿತಿ ಕೊಟ್ಟಿದ್ದರು. ಇನ್ನೊಂದೆಡೆ ಎ, ಬಿ, ಟಿ1 ಎಂದು ಹೆಸರಿಟ್ಟು ಮೂರೇ ಸಾಲಿನಲ್ಲಿ ಬಡ್ಡಿ ಲೆಕ್ಕ ಹಾಕಿದ ಕೋಡ್ ಸಲೀಸಾಗಿ ಪಾಸಾಗುತ್ತದೆ; ಆರು ತಿಂಗಳ ಮೇಲೆ ಅದನ್ನು ಕೈಗೆತ್ತಿಕೊಂಡವರು ತಲೆ ಚಚ್ಚಿಕೊಳ್ಳಬೇಕು.

ಓದುಗರನ್ನೇ ಕೇಳಿ ನೋಡಿದವರು ವರ್ಜೀನಿಯಾ ವಿಶ್ವವಿದ್ಯಾಲಯದ ರೇಮಂಡ್ ಬ್ಯೂಸ್ ಮತ್ತು ವೆಸ್ಟ್ಲಿ ವೈಮರ್. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 120 ವಿದ್ಯಾರ್ಥಿಗಳು 100 ಕೋಡ್ ತುಣುಕುಗಳನ್ನು ಓದಿ, ಎಷ್ಟು ಸಲೀಸು ಎಂದು ಅಂಕ ಕೊಟ್ಟರು. ಆ ತೀರ್ಪುಗಳಿಂದಲೇ ಯಂತ್ರ ಕಲಿಯಿತು. ಒಂದೇ ಸಾಲಿನಲ್ಲಿ ಹಲವು ಹೆಸರುಗಳನ್ನು ತುರುಕಿದರೆ, ಸಾಲು ಉದ್ದವಾದರೆ ಓದು ಎಡವುತ್ತದೆ. ಕಾಮೆಂಟಿಗಿಂತ ಖಾಲಿ ಸಾಲು ಹೆಚ್ಚು ನೆರವಾಗಬಹುದು ಎಂಬುದೂ ಹೊರಬಿತ್ತು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಇದೇ. ಈ ನಡುವೆ ಚೆಕ್‌ಸ್ಟೈಲ್, ಪಿಎಂಡಿ, ಫೈಂಡ್‌ಬಗ್ಸ್, ಸೋನಾರ್‌ಕ್ಯೂಬ್‌ನಂಥ ಪರಿಶೀಲನಾ ಸಾಧನಗಳು ಕಂಪನಿಗಳ ನಿತ್ಯದ ಕೆಲಸದೊಳಗೆ ಸೇರಿಕೊಂಡವು.

ಕರ್ನಾಟಕದ ಪಾಲು ಬೆಂಗಳೂರಿನದು. ವಿಂಡೋಸ್ ಡ್ರೈವರ್‌ಗಳ ತಪ್ಪು ಹಿಡಿಯುವ 'ಸ್ಲ್ಯಾಮ್' ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಶ್ರೀರಾಮ್ ರಾಜಮಣಿ, 2005ರಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾಕ್ಕೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಿತ್ಯ ಕಾನಡೆ, ಶಿರೀಷ್ ಶೇವಡೆ ಮತ್ತು ಸಂಗಡಿಗರು 2017ರಲ್ಲಿ 'ಡೀಪ್‌ಫಿಕ್ಸ್' ಪ್ರಕಟಿಸಿದರು. ವಿದ್ಯಾರ್ಥಿಗಳು ಬರೆದ, ಕಂಪೈಲ್ ಆಗದ 6,971 ಸಿ ಪ್ರೋಗ್ರಾಂಗಳಲ್ಲಿ ಅದು ಶೇಕಡಾ 27ರಷ್ಟನ್ನು ಪೂರ್ತಿ ಸರಿಪಡಿಸಿತು. ಅದು ಕೋಡನ್ನು ಕಂಪೈಲ್ ಆಗುವಂತೆ ಮಾಡುವ ಕೆಲಸ, ಸಲೀಸಾಗಿ ಓದಲು ಬರುವಂತೆ ಮಾಡುವುದಲ್ಲ.

ಕಂಪೈಲ್ ಆಗುವುದನ್ನು ಮೀರಿ ಕೋಡಿನ ಗುಣಮಟ್ಟಕ್ಕೆ ಕೈ ಹಾಕಿದ್ದು 2023ರ 'ಕೋರ್'. ಕಾನಡೆ, ರಾಜಮಣಿ ಇಬ್ಬರೂ ಇದ್ದ ಮೈಕ್ರೋಸಾಫ್ಟ್ ತಂಡದ ಕೆಲಸ. ಇಲ್ಲಿ ಎರಡು ಭಾಷಾ ಮಾದರಿಗಳಿವೆ. ಪರಿಶೀಲನಾ ಸಾಧನದ ಎಚ್ಚರಿಕೆಯನ್ನೂ ಅದರ ಕೈಪಿಡಿಯ ಸಲಹೆಯನ್ನೂ ಓದಿ ಮೊದಲನೆಯದು ತಿದ್ದುಪಡಿಗಳನ್ನು ಬರೆಯುತ್ತದೆ. ಸಾಧನ ಒಪ್ಪಿದ ತಿದ್ದುಪಡಿಗಳನ್ನು ಎರಡನೆಯದು ಹಿರಿಯ ಪರಿಶೀಲಕರ ಹಾಗೆ ತೂಗಿ ನೋಡುತ್ತದೆ. ಎರಡನೆಯದು ಏಕೆ ಬೇಕು? ಪೈಥಾನಿನಲ್ಲಿ ಯಾವ ದೋಷ ಬಂದರೂ ನುಂಗಿಬಿಡುವ 'ಎಕ್ಸೆಪ್ಟ್' ಸಾಲಿಗೆ ಎಚ್ಚರಿಕೆ ಬಂತು ಎನ್ನಿ. ಆ 'ಟ್ರೈ-ಎಕ್ಸೆಪ್ಟ್' ರಕ್ಷಣೆಯನ್ನೇ ತೆಗೆದುಹಾಕಿದರೆ ಎಚ್ಚರಿಕೆ ನಿಲ್ಲುತ್ತದೆ, ಆದರೆ ಓದಬೇಕಾದ ಫೈಲ್ ಸಿಗದ ದಿನ ಪ್ರೋಗ್ರಾಂ ಅರ್ಧಕ್ಕೆ ಬೀಳುತ್ತದೆ. ಯಾವ ದೋಷವನ್ನು ನಿಭಾಯಿಸಬೇಕೋ ಅದರ ಹೆಸರು ಹೇಳಿ ಬರೆಯುವುದೇ ಸರಿಯಾದ ತಿದ್ದುಪಡಿ. ಕೋರ್‌ಗೆ ಕೊಟ್ಟ ಪೈಥಾನ್ ಫೈಲುಗಳಲ್ಲಿ ಶೇಕಡಾ 59.2ರಷ್ಟು ತಿದ್ದುಪಡಿಯ ನಂತರ ಸಾಧನವನ್ನೂ ಮನುಷ್ಯ ಪರಿಶೀಲಕರನ್ನೂ ದಾಟಿದವು. ಕೊನೆಯ ಮಾತನ್ನು ಮನುಷ್ಯರಿಗೆ ಬಿಟ್ಟದ್ದರಿಂದಲೇ ಆ ಅಂಕಿಯ ಮೇಲೆ ನನಗೆ ಭರವಸೆ.

ಪೈಲಿಂಟ್, ಪಿಎಂಡಿಯಂಥ ಪರಿಶೀಲನಾ ಸಾಧನಗಳು ಉಚಿತವಾಗಿ ಸಿಗುತ್ತವೆ, ಸಾಮಾನ್ಯ ಲ್ಯಾಬ್ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಕುರುಗೋಡು, ಸಿರುಗುಪ್ಪದ ಕಡೆಯಿಂದ ಬಳ್ಳಾರಿಗೆ ಬಂದು ಎಂಜಿನಿಯರಿಂಗ್ ಓದುವ ಮಕ್ಕಳು ಇವನ್ನು ಮೊದಲ ಸೆಮಿಸ್ಟರಿನಲ್ಲೇ ಬಳಸಲಿ. ಅಧ್ಯಾಪಕರಲ್ಲಿ ಒಂದು ವಿನಂತಿ: ಔಟ್‌ಪುಟ್ ಬಂತೆಂದು ಲ್ಯಾಬ್ ಅಂಕವನ್ನೆಲ್ಲ ಕೊಟ್ಟುಬಿಡಬೇಡಿ. ಒಬ್ಬರ ಕೋಡನ್ನು ಪಕ್ಕದವರ ಕೈಗಿಟ್ಟು ಓದಿಸಿ, ಅರ್ಥವಾಯಿತೇ ಕೇಳಿ, ಅದಕ್ಕೂ ಒಂದಿಷ್ಟು ಅಂಕ ಮೀಸಲಿಡಿ.