ಡಿಡ್ಡಿ ಕಾಂಗ್ ರೇಸಿಂಗ್ ಡಿಎಸ್

ಡಿಡ್ಡಿ ಕಾಂಗ್ ರೇಸಿಂಗ್ ಡಿಎಸ್ ಎಂಬುದು ಇಂಗ್ಲೆಂಡಿನ ರೇರ್ ಸಂಸ್ಥೆ ರೂಪಿಸಿ, ಜಪಾನಿನ ನಿಂಟೆಂಡೊ ಸಂಸ್ಥೆ ಪ್ರಕಟಿಸಿದ ಕಾರ್ಟ್ ಓಟದ ವಿಡಿಯೋ ಗೇಮ್. 1997ರಲ್ಲಿ ನಿಂಟೆಂಡೊ 64 ಕನ್ಸೋಲಿಗಾಗಿ ಬಂದಿದ್ದ ಡಿಡ್ಡಿ ಕಾಂಗ್ ರೇಸಿಂಗ್ ಆಟದ ಮರುರೂಪವಾದ ಇದನ್ನು, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್ ಸಾಧನಕ್ಕಾಗಿ ಸಿದ್ಧಪಡಿಸಲಾಯಿತು. ಉತ್ತರ ಅಮೆರಿಕದಲ್ಲಿ 2007ರ ಫೆಬ್ರವರಿ 5ರಂದು, ಯುರೋಪಿನಲ್ಲಿ ಅದೇ ವರ್ಷದ ಏಪ್ರಿಲ್ 20ರಂದು ಇದು ಬಿಡುಗಡೆಯಾಯಿತು.

ಆಟಕ್ಕೆ ವಿಮರ್ಶಕರಿಂದಲೂ ಆಟಗಾರರಿಂದಲೂ ಮಿಶ್ರ ಪ್ರತಿಕ್ರಿಯೆ ದೊರೆಯಿತು. ಮೂಲದ ಓಟದ ದಾರಿಗಳು, ಮೂರು ಬಗೆಯ ವಾಹನಗಳು ಮತ್ತು ಸಾಹಸದ ಚೌಕಟ್ಟು ಪುಟ್ಟ ಸಾಧನದಲ್ಲಿಯೂ ಉಳಿದುಕೊಂಡದ್ದು ಮೆಚ್ಚುಗೆ ಗಳಿಸಿತು. ಸ್ಪರ್ಶಪರದೆ ಮತ್ತು ಮೈಕ್ರೊಫೋನನ್ನು ಓಟದೊಳಗೆ ಕಡ್ಡಾಯವಾಗಿ ಬಳಸಿಕೊಂಡ ರೀತಿ ಹೆಚ್ಚಿನ ಟೀಕೆಗೆ ಗುರಿಯಾಯಿತು. ಬೇಕೆಂದಾಗ ಆಡಿ ಬೇಡವೆಂದಾಗ ಬಿಡಬಹುದಾದ ಹೊಸ ಅಂಶಗಳನ್ನು ಆಟಗಾರರು ಸ್ವಾಗತಿಸಿದರು; ಆಟದ ಮುಖ್ಯ ದಾರಿಗೆ ಅಡ್ಡಲಾಗಿ ನಿಂತ ಹೊಸ ಅಂಶಗಳನ್ನು ಒಪ್ಪಲಿಲ್ಲ. ಈ ಆಟದ ಕುರಿತ ಅಭಿಪ್ರಾಯಭೇದದ ತಿರುಳು ಇದೇ ಆಗಿದೆ.

ಹಿನ್ನೆಲೆ

ರೇರ್ ಸಂಸ್ಥೆಯನ್ನು ಸ್ಟ್ಯಾಂಪರ್ ಸಹೋದರರಾದ ಟಿಮ್ ಮತ್ತು ಕ್ರಿಸ್ 1985ರಲ್ಲಿ ಸ್ಥಾಪಿಸಿದರು. 1990ರ ದಶಕದಲ್ಲಿ ನಿಂಟೆಂಡೊ ಈ ಸಂಸ್ಥೆಯ ಪಾಲುದಾರನಾಗಿತ್ತು. ಆ ಅವಧಿಯಲ್ಲಿ ರೇರ್, ನಿಂಟೆಂಡೊವಿನ ಡಾಂಕಿ ಕಾಂಗ್ ಪಾತ್ರವನ್ನಾಧರಿಸಿ ಹಲವು ಆಟಗಳನ್ನು ತಯಾರಿಸಿತು. ಡಿಡ್ಡಿ ಕಾಂಗ್ ಆ ಬಳಗದ ಪುಟ್ಟ ಕೋತಿ. ರೇರ್ ರೂಪಿಸುತ್ತಿದ್ದ ಬೇರೊಂದು ಓಟದ ಆಟಕ್ಕೆ ಕೊನೆಯ ಹಂತದಲ್ಲಿ ಈ ಜನಪ್ರಿಯ ಪಾತ್ರವನ್ನು ಸೇರಿಸಿದ್ದರಿಂದ ಡಿಡ್ಡಿ ಕಾಂಗ್ ರೇಸಿಂಗ್ ಎಂಬ ಹೆಸರು ಬಂತು. 1997ರ ನವೆಂಬರಿನಲ್ಲಿ ಬಿಡುಗಡೆಯಾದ ಆ ಆಟ ಬಹುಬೇಗ ಜನಪ್ರಿಯವಾಯಿತು.

2002ರ ಸೆಪ್ಟೆಂಬರಿನಲ್ಲಿ ಮೈಕ್ರೊಸಾಫ್ಟ್ ಸಂಸ್ಥೆ ರೇರ್ ಅನ್ನು 37.5 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಇದರಿಂದ ಪಾತ್ರಗಳ ಒಡೆತನ ಇಬ್ಭಾಗವಾಯಿತು. ಡಾಂಕಿ ಕಾಂಗ್ ಬಳಗ ನಿಂಟೆಂಡೊವಿನ ಬಳಿ ಉಳಿದರೆ, ರೇರ್ ತಾನೇ ಸೃಷ್ಟಿಸಿದ್ದ ಬ್ಯಾಂಜೊ ಎಂಬ ಕರಡಿ ಮತ್ತು ಕಾಂಕರ್ ಎಂಬ ಅಳಿಲು ಮೈಕ್ರೊಸಾಫ್ಟಿನ ಪಾಲಾದವು. ಇದರ ಪರಿಣಾಮ ಡಿಡ್ಡಿ ಕಾಂಗ್ ಪೈಲಟ್ ಎಂಬ ವಿಮಾನ ಓಟದ ಆಟದ ಮೇಲೂ ಆಯಿತು. ಗೇಮ್ ಬಾಯ್ ಅಡ್ವಾನ್ಸ್ ಸಾಧನಕ್ಕಾಗಿ ಸಿದ್ಧವಾಗುತ್ತಿದ್ದ ಆ ಆಟ, ಪಾತ್ರಗಳನ್ನು ಬದಲಿಸಿಕೊಂಡು 2005ರಲ್ಲಿ ಬ್ಯಾಂಜೊ ಪೈಲಟ್ ಎಂಬ ಹೆಸರಿನಲ್ಲಿ ಹೊರಬಂತು.

ಮೈಕ್ರೊಸಾಫ್ಟ್ ಕೈಯಲ್ಲಿ ಹಿಡಿಯುವ ಆಟದ ಸಾಧನವನ್ನು ತಯಾರಿಸುತ್ತಿರಲಿಲ್ಲ. ಹೀಗಾಗಿ ಮಾರಾಟದ ನಂತರವೂ ರೇರ್, ನಿಂಟೆಂಡೊವಿನ ಸಣ್ಣ ಸಾಧನಗಳಿಗೆ ಆಟಗಳನ್ನು ರೂಪಿಸುವುದನ್ನು ಮುಂದುವರಿಸಿತು. ಡಿಡ್ಡಿ ಕಾಂಗ್ ರೇಸಿಂಗ್ ಡಿಎಸ್ ಹುಟ್ಟಿದ್ದು ಈ ಸಂದರ್ಭದಲ್ಲಿ. ಆಟ ಮಾರುಕಟ್ಟೆಗೆ ಬರುವ ಕೆಲವೇ ವಾರಗಳ ಮೊದಲು, 2007ರ ಜನವರಿಯಲ್ಲಿ, ಸ್ಟ್ಯಾಂಪರ್ ಸಹೋದರರು ಸಂಸ್ಥೆಯನ್ನು ತೊರೆದ ಸುದ್ದಿ ಪ್ರಕಟವಾಯಿತು.

ಆಟದ ಸ್ವರೂಪ

ಕಾರ್ಟ್ ಎಂದರೆ ಒಬ್ಬರೇ ಕುಳಿತು ಓಡಿಸುವ, ನೆಲಕ್ಕೆ ತಗ್ಗಾದ ಪುಟ್ಟ ಮೋಟಾರು ಬಂಡಿ. ಕಾರ್ಟ್ ಓಟದ ವಿಡಿಯೋ ಗೇಮುಗಳಲ್ಲಿ ವೇಗದ ಜೊತೆಗೆ ದಾರಿಯಲ್ಲಿ ಸಿಗುವ ಅಸ್ತ್ರಗಳ ಬಳಕೆಯೂ ಗೆಲುವನ್ನು ನಿರ್ಧರಿಸುತ್ತದೆ. ಡಿಡ್ಡಿ ಕಾಂಗ್ ರೇಸಿಂಗ್ ಈ ಪ್ರಕಾರಕ್ಕೆ ಎರಡು ವಿಶೇಷಗಳನ್ನು ತಂದಿತು. ಒಂದು, ಕಾರಿನ ಜೊತೆಗೆ ನೀರಿನ ಮೇಲೆಯೂ ಸಾಗುವ ಹೋವರ್‌ಕ್ರಾಫ್ಟ್ ಮತ್ತು ವಿಮಾನಗಳ ಓಟ. ಇನ್ನೊಂದು, ಓಟಗಳನ್ನು ಒಂದು ಕಥೆಯ ಎಳೆಯಲ್ಲಿ ಪೋಣಿಸಿದ ಸಾಹಸ ವಿಭಾಗ.

ವಿಜ್‌ಪಿಗ್ ಎಂಬ ಮಾಂತ್ರಿಕ ಹಂದಿ, ಟಿಂಬರ್ ಎಂಬ ಹುಲಿಮರಿ ವಾಸಿಸುವ ದ್ವೀಪದ ಮೇಲೆ ದಾಳಿಯಿಟ್ಟು ಅಲ್ಲಿನ ಕಾವಲು ಪ್ರಾಣಿಗಳನ್ನು ತನ್ನ ವಶಮಾಡಿಕೊಂಡಿರುತ್ತದೆ. ಆಟಗಾರ ದ್ವೀಪದಲ್ಲಿ ಸ್ವತಂತ್ರವಾಗಿ ಸುತ್ತಾಡುತ್ತ, ಓಟಗಳನ್ನು ಗೆದ್ದು ಚಿನ್ನದ ಬಲೂನುಗಳನ್ನು ಕೂಡಿಸಿ, ಮುಚ್ಚಿದ ಬಾಗಿಲುಗಳನ್ನು ತೆರೆಯುತ್ತ ಸಾಗಬೇಕು. ಕಾವಲು ಪ್ರಾಣಿಗಳನ್ನು ಓಟದಲ್ಲಿ ಸೋಲಿಸಿದ ಮೇಲೆ ವಿಜ್‌ಪಿಗ್‌ನನ್ನು ಎದುರಿಸಬೇಕು. ದ್ವೀಪದಲ್ಲಿ ಆಟಗಾರನಿಗೆ ವಾಹನ ಬದಲಿಸಿಕೊಡುವ, ಆಗಾಗ ಪಂದ್ಯಕ್ಕೂ ಕರೆಯುವ ಪಾತ್ರ ತಾಜ್. ಪೇಟ ತೊಟ್ಟ ಈ ಆನೆ ಒಬ್ಬ ಜೀನಿ. ಹೆಸರಿನಲ್ಲಿಯೂ ವೇಷದಲ್ಲಿಯೂ ಭಾರತದ ಛಾಯೆ ಸ್ಪಷ್ಟವಾಗಿದೆ.

ಓಟದಲ್ಲಿ ಬಣ್ಣದ ಬಲೂನುಗಳು ಅಸ್ತ್ರಗಳನ್ನು ಕೊಡುತ್ತವೆ. ಕೆಂಪು ಬಲೂನಿನಿಂದ ಕ್ಷಿಪಣಿ, ನೀಲಿಯಿಂದ ಹೆಚ್ಚಿನ ವೇಗ, ಹಸಿರಿನಿಂದ ಹಿಂದಿನವರಿಗೆ ಒಡ್ಡುವ ಬಲೆ, ಹಳದಿಯಿಂದ ರಕ್ಷಾಕವಚ ಮತ್ತು ಕಾಮನಬಿಲ್ಲಿನ ಬಣ್ಣದ ಬಲೂನಿನಿಂದ ಅಯಸ್ಕಾಂತ ದೊರೆಯುತ್ತದೆ. ಒಂದೇ ಬಣ್ಣದ ಬಲೂನನ್ನು ಮತ್ತೆ ಮತ್ತೆ ಪಡೆದರೆ ಅಸ್ತ್ರದ ಬಲ ಮೂರು ಹಂತಗಳವರೆಗೆ ಏರುತ್ತದೆ. ಯಾವ ಬಲೂನು ಎಲ್ಲಿದೆ ಎಂಬುದು ಮೊದಲೇ ಗೊತ್ತಿರುವುದರಿಂದ, ಅದೃಷ್ಟಕ್ಕಿಂತ ಯೋಜನೆಗೆ ಇಲ್ಲಿ ಹೆಚ್ಚಿನ ಬೆಲೆಯಿದೆ. ದಾರಿಯಲ್ಲಿ ಸಿಗುವ ಬಾಳೆಹಣ್ಣುಗಳನ್ನು ಹತ್ತರವರೆಗೆ ಕೂಡಿಸಿದಂತೆ ವಾಹನದ ಗರಿಷ್ಠ ವೇಗವೂ ಹೆಚ್ಚುತ್ತದೆ.

ಮರುರೂಪದಲ್ಲಾದ ಬದಲಾವಣೆಗಳು

ನಿಂಟೆಂಡೊ ಡಿಎಸ್ ಸಾಧನಕ್ಕೆ ಎರಡು ಪರದೆಗಳಿವೆ. ಕೆಳಗಿನ ಪರದೆ ಸ್ಪರ್ಶವನ್ನು ಗ್ರಹಿಸುತ್ತದೆ. ಅದರ ಮೇಲೆ ಬರೆಯಲು ಸ್ಟೈಲಸ್ ಎಂಬ ಕಡ್ಡಿಯಿದೆ. ಸಾಧನದಲ್ಲಿ ಮೈಕ್ರೊಫೋನೂ ಅಡಕವಾಗಿದೆ. ಮರುರೂಪದ ಪ್ರಮುಖ ಬದಲಾವಣೆಗಳು ಈ ಸೌಲಭ್ಯಗಳ ಸುತ್ತಲೇ ಹೆಣೆದುಕೊಂಡಿವೆ.

ಓಟದ ಆರಂಭದಲ್ಲಿ ಹೆಚ್ಚಿನ ವೇಗ ಪಡೆಯುವ ಕ್ರಮ ಪೂರ್ಣವಾಗಿ ಬದಲಾಯಿತು. ಮೂಲದಲ್ಲಿ, ಸಿದ್ಧರಾಗಿ ಎಂಬ ಸೂಚನೆ ಪರದೆಯಿಂದ ಮರೆಯಾಗುವ ಕ್ಷಣದಲ್ಲಿ ಸರಿಯಾಗಿ ಗುಂಡಿಯೊತ್ತಬೇಕಿತ್ತು. ಡಿಎಸ್ ಆವೃತ್ತಿಯಲ್ಲಿ ಕಾರಿನ ಚಕ್ರವನ್ನು, ವಿಮಾನದ ಮುಂದಿನ ಪಂಖವನ್ನು ಸ್ಪರ್ಶಪರದೆಯ ಮೇಲೆ ತಿರುಗಿಸಬೇಕು. ಹೋವರ್‌ಕ್ರಾಫ್ಟಿಗಾದರೆ ಮೈಕ್ರೊಫೋನಿಗೆ ಬಾಯಿಂದ ಗಾಳಿ ಊದಬೇಕು.

ಸಾಹಸ ವಿಭಾಗದಲ್ಲಿದ್ದ ಬೆಳ್ಳಿ ನಾಣ್ಯದ ಸವಾಲಿನ ಸ್ಥಾನದಲ್ಲಿ ಬಲೂನು ಒಡೆಯುವ ಸ್ಪರ್ಶ ಸವಾಲು ಬಂತು. ಇದರಲ್ಲಿ ಓಡಿಸುವ ಕೆಲಸವಿಲ್ಲ. ಸಂಚಾರ ತಾನಾಗಿಯೇ ನಡೆಯುತ್ತಿರುತ್ತದೆ, ಆಟಗಾರ ಸುತ್ತಲೂ ಕಾಣುವ ಬಲೂನುಗಳನ್ನು ಸ್ಟೈಲಸಿನಿಂದ ಮುಟ್ಟಿ ಒಡೆಯುತ್ತಾನೆ.

ಬ್ಯಾಂಜೊ ಮತ್ತು ಕಾಂಕರ್ ಪಾತ್ರಗಳ ಬದಲಿಗೆ ಡಾಂಕಿ ಕಾಂಗ್ ಬಳಗದ ಡಿಕ್ಸಿ ಕಾಂಗ್ ಮತ್ತು ಟೈನಿ ಕಾಂಗ್ ಸೇರ್ಪಡೆಯಾದರು. ಮೂಲದಲ್ಲಿ ಎದುರಾಳಿಗಳಾಗಿ ಮಾತ್ರ ಬರುತ್ತಿದ್ದ ತಾಜ್ ಮತ್ತು ವಿಜ್‌ಪಿಗ್, ಇಲ್ಲಿ ಆಟಗಾರ ಗಳಿಸಿಕೊಂಡು ಆಡಬಹುದಾದ ಪಾತ್ರಗಳಾದರು. ಸ್ಟೈಲಸಿನಿಂದ ಗೆರೆ ಎಳೆದು ತನ್ನದೇ ಓಟದ ದಾರಿಯನ್ನು ರಚಿಸುವ, ಪಾತ್ರಗಳಿಗೆ ತನ್ನ ಧ್ವನಿಯನ್ನೇ ಮುದ್ರಿಸುವ, ಅಂತರಜಾಲದ ಮೂಲಕ ದೂರದ ಆಟಗಾರರೊಂದಿಗೆ ಸ್ಪರ್ಧಿಸುವ ಅವಕಾಶಗಳೂ ಹೊಸದಾಗಿ ಬಂದವು.

ಆಟಗಾರರ ಅಭಿಪ್ರಾಯಗಳು

ಓಟದ ಆರಂಭದ ಕುರಿತು

ಅತಿ ಹೆಚ್ಚು ಆಕ್ಷೇಪ ಕೇಳಿಬಂದದ್ದು ಸ್ಪರ್ಶದ ಆರಂಭದ ಬಗ್ಗೆ. ಓಟದ ಆಟದಲ್ಲಿ ಎರಡೂ ಹೆಬ್ಬೆರಳುಗಳು ಗುಂಡಿಗಳ ಮೇಲೆ ಸಿದ್ಧವಾಗಿರಬೇಕು. ಆದರೆ ಇಲ್ಲಿ ಒಂದು ಕೈಯನ್ನು ತೆಗೆದು ಪರದೆಯನ್ನು ತೀಡಿ, ಓಟ ಶುರುವಾಗುತ್ತಿದ್ದಂತೆ ಅವಸರದಿಂದ ಮತ್ತೆ ಗುಂಡಿಗೆ ತರಬೇಕಾಗುತ್ತದೆ. ಒಂದೆರಡು ಬಾರಿ ವಿನೋದವೆನಿಸುವ ಈ ಕ್ರಿಯೆ, ನೂರಾರು ಬಾರಿ ಮಾಡಬೇಕಾದಾಗ ಬೇಸರ ತರಿಸುತ್ತದೆ ಎಂಬುದು ಹಲವರ ದೂರು. ಮೈಕ್ರೊಫೋನಿಗೆ ಊದುವುದು ಬಸ್ಸು ರೈಲುಗಳಂಥ ಸಾರ್ವಜನಿಕ ಸ್ಥಳಗಳಲ್ಲಿ ಮುಜುಗರದ ಸಂಗತಿ. ಎಲ್ಲಿ ಬೇಕಾದರೂ ಆಡಬಹುದೆಂಬುದೇ ಇಂಥ ಸಾಧನದ ಹಿರಿಮೆಯಾಗಿರುವಾಗ ಇದು ವಿರೋಧಾಭಾಸವಾಗಿ ಕಂಡಿತು. ಮೂಲ ಆಟದ ಆರಂಭ ಕ್ಷಣದ ನಿಖರತೆಯನ್ನು ಪರೀಕ್ಷಿಸುತ್ತಿತ್ತು, ಹೊಸದು ತೀಡುವ ಚುರುಕನ್ನು ಮಾತ್ರ ಪರೀಕ್ಷಿಸುತ್ತದೆ ಎಂದು ಹಳಬರು ವಾದಿಸಿದರು.

ಬಲೂನು ಒಡೆಯುವ ಸವಾಲಿನ ಕುರಿತು

ಬೆಳ್ಳಿ ನಾಣ್ಯದ ಸವಾಲು ಮೂಲ ಆಟದ ಕಠಿಣ ಭಾಗಗಳಲ್ಲೊಂದಾಗಿತ್ತು. ಓಟದ ದಾರಿಯಲ್ಲಿ ಚದುರಿದ ಎಂಟು ನಾಣ್ಯಗಳನ್ನೂ ಕೂಡಿಸಿ, ಮೊದಲಿಗರಾಗಿಯೂ ಗುರಿ ಮುಟ್ಟಬೇಕಿತ್ತು. ನಾಣ್ಯಗಳು ನೇರದಾರಿಯಿಂದ ಬದಿಗೆ, ಬಾಗುಗಳ ಅಂಚಿಗೆ ಇರುತ್ತಿದ್ದುದರಿಂದ ಆಟಗಾರನು ದಾರಿಯ ಮೂಲೆ ಮೂಲೆಯನ್ನೂ ಅರಿಯುತ್ತಿದ್ದ. ಆ ಸವಾಲಿನ ಜಾಗದಲ್ಲಿ ಓಡಿಸುವಿಕೆಯೇ ಇಲ್ಲದ ಚಟುವಟಿಕೆಯನ್ನಿಟ್ಟದ್ದು, ಓಟದ ಆಟದಿಂದ ಓಟವನ್ನೇ ಕಳೆದಂತಾಯಿತು ಎಂದು ಮೂಲವನ್ನು ಬಲ್ಲವರು ಟೀಕಿಸಿದರು. ಮುಂದಿನ ಹಂತಕ್ಕೆ ಹೋಗಲು ಈ ಸವಾಲನ್ನು ಗೆಲ್ಲಲೇಬೇಕಾಗಿದ್ದುದು ಅಸಮಾಧಾನವನ್ನು ಹೆಚ್ಚಿಸಿತು. ಬೆಳ್ಳಿ ನಾಣ್ಯದ ಓಟಗಳಲ್ಲಿ ಸೋತು ಆಟವನ್ನೇ ಅರ್ಧಕ್ಕೆ ಬಿಟ್ಟಿದ್ದ ಕೆಲವರಿಗೆ ಹೊಸ ಸವಾಲು ಹಗುರವೆನಿಸಿದ್ದೂ ಉಂಟು.

ಪಾತ್ರಗಳ ಕುರಿತು

ಬ್ಯಾಂಜೊ ಮತ್ತು ಕಾಂಕರ್ ಇಬ್ಬರೂ ಆಟಗಾರರಿಗೆ ಮೊದಲು ಪರಿಚಯವಾದದ್ದು 1997ರ ಆಟದಲ್ಲಿಯೇ; ಅವರ ಹೆಸರಿನ ಸ್ವತಂತ್ರ ಆಟಗಳು ಬಂದದ್ದು ನಂತರ. ಹೀಗಾಗಿ ಅವರ ಗೈರುಹಾಜರಿಯನ್ನು ಅಭಿಮಾನಿಗಳು ನಷ್ಟವೆಂದೇ ಭಾವಿಸಿದರು. ಆದರೆ ಒಡೆತನದ ಕಾರಣ ತಿಳಿದಿದ್ದುದರಿಂದ ಈ ಟೀಕೆಯಲ್ಲಿ ಕೋಪಕ್ಕಿಂತ ವಿಷಾದವೇ ಹೆಚ್ಚಾಗಿತ್ತು. ಟೈನಿ ಕಾಂಗ್ ಪಾತ್ರದ ರೂಪ ಮಾತ್ರ ಅಚ್ಚರಿಗೆ ಕಾರಣವಾಯಿತು. 1999ರ ಡಾಂಕಿ ಕಾಂಗ್ 64 ಆಟದಲ್ಲಿ ಪುಟ್ಟ ಹುಡುಗಿಯಂತಿದ್ದ ಈ ಪಾತ್ರ, ಇಲ್ಲಿ ಎತ್ತರವಾಗಿ ಬೆಳೆದ ಹೊಸ ರೂಪದಲ್ಲಿ ಕಾಣಿಸಿಕೊಂಡಿತು. ತಾಜ್ ಮತ್ತು ವಿಜ್‌ಪಿಗ್ ಪಾತ್ರಗಳಾಗಿ ಆಡುವ ಅವಕಾಶ ಅಭಿಮಾನಿಗಳಿಗೆ ಮೆಚ್ಚಿಕೆಯಾಯಿತು.

ನಿಯಂತ್ರಣ, ದೃಶ್ಯ ಮತ್ತು ಧ್ವನಿಯ ಕುರಿತು

ನಿಂಟೆಂಡೊ 64ರ ನಿಯಂತ್ರಕದಲ್ಲಿ ಎಷ್ಟು ಬಾಗಿಸಿದರೆ ಅಷ್ಟೇ ತಿರುಗುವ ಸಣ್ಣ ಕೋಲಿತ್ತು. ಡಿಎಸ್ ಸಾಧನದಲ್ಲಿ ಅಂಥ ಕೋಲಿಲ್ಲ, ನಾಲ್ಕು ದಿಕ್ಕಿನ ಗುಂಡಿ ಮಾತ್ರ ಇದೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಏಕಕಾಲದಲ್ಲಿ ನಡೆಸಬೇಕಾದ ವಿಮಾನದ ಓಟಗಳಲ್ಲಿ ಈ ಕೊರತೆ ಎದ್ದು ಕಂಡಿತು. ಇದು ಸಾಧನದ ಮಿತಿಯೆಂದು ಆಟಗಾರರು ಸಾಮಾನ್ಯವಾಗಿ ಹೊಂದಿಕೊಂಡರು. ಅಗಲದಲ್ಲಿ 256, ಎತ್ತರದಲ್ಲಿ 192 ಚುಕ್ಕಿಗಳಷ್ಟೇ ಇರುವ ಚಿಕ್ಕ ಪರದೆಯಲ್ಲಿ ಮೂಲದ ಹಿಮಬೆಟ್ಟ, ಕಡಲತೀರ ಮತ್ತು ಡೈನೊಸಾರ್ ಕಣಿವೆಗಳು ಗುರುತು ಸಿಗುವಂತೆ ಮೂಡಿಬಂದದ್ದು ಪ್ರಶಂಸೆ ಪಡೆಯಿತು. ಡೇವಿಡ್ ವೈಸ್ ಸಂಯೋಜಿಸಿದ ಮೂಲ ಸಂಗೀತ ಉಳಿದುಕೊಂಡದ್ದು ಹಳೆಯ ಆಟಗಾರರಿಗೆ ಸಮಾಧಾನ ತಂದಿತು.

ಹೊಸ ಸೌಲಭ್ಯಗಳ ಕುರಿತು

ದಾರಿ ರಚಿಸುವ ಸೌಲಭ್ಯ ಮತ್ತು ಧ್ವನಿ ಮುದ್ರಣಗಳನ್ನು ವಿಶೇಷವಾಗಿ ಎಳೆಯರು ಇಷ್ಟಪಟ್ಟರು. ಸ್ಟೈಲಸ್ ಮತ್ತು ಮೈಕ್ರೊಫೋನು ಇಲ್ಲಿಯೂ ಬೇಕು. ಆದರೆ ಓಟದ ನಡುವೆ ಅವು ಅಡ್ಡಿಪಡಿಸುವುದಿಲ್ಲ. ಆರಂಭದ ಕ್ರಮದಲ್ಲಿ ಟೀಕೆಗೊಳಗಾದ ಅದೇ ಉಪಕರಣಗಳು ಇಲ್ಲಿ ಮೆಚ್ಚುಗೆ ಪಡೆದದ್ದನ್ನು ಗಮನಿಸಿದರೆ, ತಂತ್ರಜ್ಞಾನದ ಬಗ್ಗೆ ಆಟಗಾರರಿಗೆ ವಿರೋಧವಿರಲಿಲ್ಲ, ಆಯ್ಕೆಯ ಸ್ವಾತಂತ್ರ್ಯ ಇಲ್ಲದಿರುವುದರ ಬಗ್ಗೆ ಇತ್ತು ಎಂಬುದು ತಿಳಿಯುತ್ತದೆ.

ಮಾರಿಯೋ ಕಾರ್ಟ್ ಡಿಎಸ್‌ನೊಂದಿಗೆ ಹೋಲಿಕೆ

ಡಿಡ್ಡಿ ಕಾಂಗ್ ರೇಸಿಂಗ್ ಡಿಎಸ್ ಬರುವ ಹೊತ್ತಿಗೆ ಅದೇ ಸಾಧನದಲ್ಲಿ ಬಲವಾದ ಪ್ರತಿಸ್ಪರ್ಧಿಯೊಂದು ನೆಲೆಯೂರಿತ್ತು. 2005ರ ನವೆಂಬರಿನಲ್ಲಿ ಬಿಡುಗಡೆಯಾದ ಮಾರಿಯೋ ಕಾರ್ಟ್ ಡಿಎಸ್ ಆಟದಲ್ಲಿ 16 ಹೊಸ ಮತ್ತು 16 ಹಳೆಯ ಓಟದ ದಾರಿಗಳಿದ್ದವು. ಆ ಆಟದಲ್ಲಿ ಕೆಳಗಿನ ಪರದೆ ಓಟದ ವೇಳೆ ಮುಖ್ಯವಾಗಿ ನಕ್ಷೆಯನ್ನು ತೋರಿಸುತ್ತಿತ್ತು. ಆಟಗಾರನು ತನ್ನ ಬಂಡಿಗೆ ಲಾಂಛನವೊಂದನ್ನು ಬರೆದುಕೊಳ್ಳಲು ಸ್ಟೈಲಸ್ ಬಳಸಬಹುದಾಗಿತ್ತು; ಬರೆಯದಿದ್ದರೂ ಓಟಕ್ಕೆ ತೊಂದರೆಯಿರಲಿಲ್ಲ. ಹೊಸ ಸಾಧನವನ್ನು ಮಿತವಾಗಿ ಬಳಸಿದ ಆ ಆಟದೊಂದಿಗೆ ಹೋಲಿಸಿದಾಗ, ಎಲ್ಲ ಸೌಲಭ್ಯಗಳನ್ನೂ ತೋರಿಸಲು ಹೊರಟ ರೇರ್‌ನ ಆಟ ತೊಡಕಿನದೆಂದು ಅನೇಕರಿಗೆ ತೋರಿತು. ವಿಮಾನ ಮತ್ತು ಹೋವರ್‌ಕ್ರಾಫ್ಟ್ ಓಟಗಳು ಹಾಗೂ ಒಬ್ಬರೇ ಆಡಬಹುದಾದ ದೀರ್ಘ ಸಾಹಸ, ಈ ಎರಡು ಕಾರಣಗಳಿಗಾಗಿ ಡಿಡ್ಡಿ ಕಾಂಗ್ ರೇಸಿಂಗನ್ನೇ ಮೇಲೆಂದು ಕಾಣುವ ಆಟಗಾರರೂ ಇದ್ದಾರೆ.

ನಂತರದ ಸ್ಥಿತಿ

ನಿಂಟೆಂಡೊ ತನ್ನ ಡಿಎಸ್ ಸಾಧನದ ಅಂತರಜಾಲ ಸೇವೆಯನ್ನು 2014ರ ಮೇ 20ರಂದು ನಿಲ್ಲಿಸಿತು. ಅದರೊಂದಿಗೆ ಈ ಆಟದ ದೂರದ ಸ್ಪರ್ಧೆಗಳೂ ಕೊನೆಗೊಂಡವು. ಏಕಾಂಗಿ ಸಾಹಸ ಮತ್ತು ಹತ್ತಿರದಲ್ಲಿರುವವರೊಂದಿಗಿನ ಓಟಗಳು ಉಳಿದಿವೆ.

2015ರಲ್ಲಿ ರೇರ್ ತನ್ನ 30 ಆಟಗಳನ್ನು ಒಟ್ಟುಗೂಡಿಸಿ ರೇರ್ ರೀಪ್ಲೇ ಎಂಬ ಸಂಕಲನವನ್ನು ಮೈಕ್ರೊಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಕನ್ಸೋಲಿಗಾಗಿ ಹೊರತಂದಿತು. ಡಾಂಕಿ ಕಾಂಗ್ ಬಳಗದ ಆಟಗಳಿಗೆ ಅದರಲ್ಲಿ ಸ್ಥಾನ ಸಿಗಲಿಲ್ಲ. 1997ರಲ್ಲಿ ಒಂದೇ ದ್ವೀಪದಲ್ಲಿ ಓಡಿದ ಪಾತ್ರಗಳು ಎರಡು ಸಂಸ್ಥೆಗಳಿಗೆ ಹಂಚಿಹೋಗಿರುವುದರಿಂದ, ಮೂಲದ ಬಳಗವನ್ನು ಹಾಗೆಯೇ ಉಳಿಸಿಕೊಂಡ ಮರುರೂಪಕ್ಕೆ ಇಬ್ಬರ ಒಪ್ಪಿಗೆಯೂ ಬೇಕಾಗುತ್ತದೆ. ಡಿಎಸ್ ಆವೃತ್ತಿಯಲ್ಲಿ ಸ್ಪರ್ಶದ ಆರಂಭವನ್ನೂ ಬಲೂನಿನ ಸವಾಲನ್ನೂ ಒಪ್ಪದ ಆಟಗಾರರು ಬೆಳ್ಳಿ ನಾಣ್ಯಗಳಿಗಾಗಿ ಈಗಲೂ ನಿಂಟೆಂಡೊ 64ರ ಮೂಲ ಆಟದತ್ತಲೇ ಹೊರಳುತ್ತಾರೆ. ವಿಜ್‌ಪಿಗ್ ಅಥವಾ ತಾಜ್ ಆಗಿ ಓಡಬಯಸುವವರು ಡಿಎಸ್ ಆವೃತ್ತಿಯನ್ನು ಕೈಗೆತ್ತಿಕೊಳ್ಳುತ್ತಾರೆ.