ಮಕ್ಕಳ ಸಂಗೀತ: ಶಾಲೆಯ ಶಿಸ್ತು, ಮನೆಯ ಒಲವು

ಮಗು ಹಾಡಿದರೆ ಹಿಗ್ಗದ ಮನೆ ಯಾವುದು? ಆದರೆ ಹಿಗ್ಗುವುದು ಸುಲಭ; ಆ ಮಗುವಿನ ಆಸೆ ವರುಷದಿಂದ ವರುಷಕ್ಕೆ ಬಾಡದಂತೆ ಕಾಯುವುದು ಕಷ್ಟ. ಇದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಎಳೆಯರ ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗವನ್ನು ಆರಿಸಿ, ಸರಳೆ, ಜಂಟಿವರಸೆ, ಅಲಂಕಾರ, ಗೀತ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯವು ಹೇಳುತ್ತದೆ. ದಾಸರನ್ನು ಸಂಗೀತ ಪಿತಾಮಹರೆಂದು ಕರೆದುದು ಇದಕ್ಕಾಗಿಯೇ ಅಲ್ಲವೇ?

ಹಿಂದುಸ್ತಾನಿ ಸಂಗೀತವಾದರೋ ಬಹುಕಾಲ ಉಸ್ತಾದರ ಮನೆಯ ಹೊಸ್ತಿಲೊಳಗೇ ಉಳಿದಿತ್ತು. ಅದನ್ನು ಶಾಲೆಯ ಅಂಗಳಕ್ಕೆ ತಂದವರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಅಗ್ರಗಣ್ಯರು. ಮಿರಜದ ಬಾಲಕೃಷ್ಣಬುವಾ ಅವರ ಶಿಷ್ಯರಾದ ಇವರು 1901ರಲ್ಲಿ ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. 1908ರಲ್ಲಿ ಮುಂಬಯಿಗೆ ಬಂದರು. ಸ್ವರಲಿಪಿ, ಪಠ್ಯಪುಸ್ತಕ, ತರಗತಿ, ಪರೀಕ್ಷೆ—ಇವೆಲ್ಲ ಅಲ್ಲಿ ಸಂಗೀತಕ್ಕೂ ಬಂದವು. ರಾಜಾಶ್ರಯವನ್ನು ನೆಚ್ಚದೆ ಕಚೇರಿಗಳ ಹಣದಿಂದಲೇ ಶಾಲೆಯನ್ನು ನಡೆಸಿದರು. ಸಾಲ ತೀರದೆ ಮುಂಬಯಿಯ ಕಟ್ಟಡ ಕೈಬಿಟ್ಟುಹೋಯಿತು. ಶಿಷ್ಯರು ಮಾತ್ರ ಕೈಬಿಡಲಿಲ್ಲ. ಗುರುಗಳು ತೀರಿಕೊಂಡ 1931ರಲ್ಲಿಯೇ ಅವರೆಲ್ಲ ಕೂಡಿ ಅಖಿಲ ಭಾರತೀಯ ಮಂಡಲವನ್ನು ಕಟ್ಟಿದರು.

ಆ ಶಿಷ್ಯರಲ್ಲೊಬ್ಬರಾದ ಬಿ. ಆರ್. ದೇವಧರರು ಮುಂಬಯಿಯಲ್ಲಿ ತಮ್ಮದೇ ಸಂಗೀತಶಾಲೆಯನ್ನು ನಡೆಸುತ್ತಿದ್ದರು. 1936ರ ಸುಮಾರಿಗೆ ಅಲ್ಲಿಗೆ ಕನ್ನಡದ ಹುಡುಗನೊಬ್ಬ ಬಂದ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ—ಲೋಕವೆಲ್ಲ ಅರಿತ ಕುಮಾರ ಗಂಧರ್ವ. ತಂದೆಯವರೂ ಹಾಡುಗಾರರು. ದೊಡ್ಡ ಗವಾಯಿಗಳ ಗ್ರಾಮಾಫೋನ್ ಪ್ಲೇಟುಗಳನ್ನು ಕೇಳಿ, ಯಥಾವತ್ತಾಗಿ ಹಾಡಿ, ಬಾಲಕನು ಸಭೆಗಳನ್ನು ಬೆರಗುಗೊಳಿಸುತ್ತಿದ್ದ. ಆ ಚಪ್ಪಾಳೆಯಲ್ಲಿಯೇ ಅವನ ವಿದ್ಯೆ ನಿಂತುಹೋಗುವ ಅಪಾಯವೂ ಇತ್ತು. ದೇವಧರರು ಅವನಿಗೆ ಸ್ವರಜ್ಞಾನ, ರಾಗವಿಚಾರಗಳ ಅಡಿಪಾಯ ಹಾಕಿದರು; ಇತರ ವಿದ್ವಾಂಸರನ್ನೂ ಕೇಳಗೊಟ್ಟರು. ಅನುಕರಿಸುತ್ತಿದ್ದ ಹುಡುಗನೇ ಮುಂದೆ ಯಾರನ್ನೂ ಅನುಕರಿಸದ ಗಾಯಕನಾದ.

ಇದು ಶಾಲೆಯ ಮಾತಾಯಿತು. ಮನೆಯ ಮಾತಿಗೆ ಗಂಗೂಬಾಯಿ ಹಾನಗಲ್ಲರನ್ನು (1913–2009) ನೆನೆಯೋಣ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ಅವಳ ಕಿವಿಗೆ ಎರಡು ಪದ್ಧತಿಗಳು ಕಲಸಿಹೋಗಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರಂತೆ. ಮಗಳು ಆ ತ್ಯಾಗವನ್ನು ಹುಸಿಗೊಳಿಸಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಮಾಡಿಕೊಂಡು ಬರುತ್ತಿದ್ದರು.

ಎಲ್ಲ ಮಕ್ಕಳೂ ಕುಮಾರ ಗಂಧರ್ವರಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಪರೀಕ್ಷೆ ಬಂತೆಂದರೆ ನಮ್ಮ ಮುಂಬಯಿಯ ಮನೆಗಳಲ್ಲಿ ಮೊದಲು ಮೂಲೆ ಸೇರುವುದು ತಂಬೂರಿಯೇ! ಮಗು ಬೇಸತ್ತಿತೆಂದು ಮರುವರುಷ ಗುರುಗಳನ್ನೇ ದೂರುತ್ತೇವೆ. ವಾರಕ್ಕೆರಡು ಪಾಠಗಳನ್ನು ಶಾಲೆ ಕೊಡಬಲ್ಲದು. ಉಳಿದ ಐದು ದಿನ ಕೇಳುವ ಕಿವಿಯನ್ನು ಮನೆಯೇ ಕೊಡಬೇಕು. ದಿನಕ್ಕೆ ಅರ್ಧ ಗಂಟೆ ತಂದೆ ತಾಯಿಗಳು ಮಗುವಿನ ಪಕ್ಕದಲ್ಲಿ ಕುಳಿತರೆ ಸಾಕು. ದೂರದ ಊರಿನಲ್ಲಿರುವ ನಮಗೆ ದಾಸರ ಪದವೊಂದು ಮಗುವಿನ ಬಾಯಲ್ಲಿ ನಿಂತರೆ, ಅದರೊಡನೆ ಕನ್ನಡವೂ ನಿಂತೀತು.