ಪ್ರಬಲ ಬಲದ ಕಪ್ಲಿಂಗ್: ಜಾಲಕ ಗೇಜ್ ಸಿದ್ಧಾಂತದ ಗಣನೆ

ಪ್ರಬಲ ಬಲದ ಕಪ್ಲಿಂಗ್ ಎಂಬುದು ಕ್ವಾರ್ಕ್ ಮತ್ತು ಗ್ಲುವಾನ್‌ಗಳ ನಡುವಿನ ಅಂತರಕ್ರಿಯೆಯ ತೀವ್ರತೆಯನ್ನು ಸೂಚಿಸುವ ಅಂಕಿ. ಇದರ ಸಂಕೇತ ಆಲ್ಫಾ-ಎಸ್. ಸ್ಥಿರಾಂಕವೆಂದು ಕರೆದರೂ ಇದು ಸ್ಥಿರವಲ್ಲ. ಶಕ್ತಿ ಏರಿದಂತೆ ಬೆಲೆ ಇಳಿಯುತ್ತದೆ. ಇದನ್ನು 1973ರಲ್ಲಿ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಮತ್ತು ಡೇವಿಡ್ ಪೊಲಿಟ್ಜರ್ ತೋರಿಸಿಕೊಟ್ಟರು. 2004ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಈ ಮೂವರಿಗೆ ಸಂದಿತು. ಬೇರೆ ಬೇರೆ ವಿಧಾನಗಳ ಉತ್ತರಗಳನ್ನು ಹೋಲಿಸಲು ಝಡ್ ಬೋಸಾನ್‌ನ ದ್ರವ್ಯರಾಶಿಗೆ ಸಮನಾದ ಶಕ್ತಿಯಲ್ಲಿ, ಅಂದರೆ ಸುಮಾರು 91.19 ಗಿಗಾ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ (ಜಿಇವಿ), ಇದರ ಬೆಲೆಯನ್ನು ಹೇಳುವುದು ರೂಢಿ.

ಹೆಚ್ಚಿನ ಶಕ್ತಿಯಲ್ಲಿ ಕಪ್ಲಿಂಗ್ ಚಿಕ್ಕದಾದ್ದರಿಂದ ಅದರ ಘಾತಗಳ ಶ್ರೇಣಿಯ ಕೆಲವೇ ಪದಗಳಿಂದ ಲೆಕ್ಕ ಹಾಕಬಹುದು. ಪ್ರೋಟಾನ್, ಪಯಾನ್‌ಗಳ ಮಟ್ಟಕ್ಕೆ ಇಳಿದರೆ ಕಪ್ಲಿಂಗ್ ದೊಡ್ಡದಾಗಿ ಈ ದಾರಿ ಮುಚ್ಚಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ 1974ರಲ್ಲಿ ಕೆನೆತ್ ವಿಲ್ಸನ್ ದೇಶ-ಕಾಲವನ್ನೇ ನಾಲ್ಕು ಆಯಾಮಗಳ ಜಾಲಕವಾಗಿ ಪರಿಗಣಿಸಿದರು. ಇದೇ ಜಾಲಕ ಗೇಜ್ ಸಿದ್ಧಾಂತ. ಕ್ವಾರ್ಕ್‌ಗಳು ಜಾಲಕದ ಬಿಂದುಗಳಲ್ಲಿ, ಗ್ಲುವಾನ್ ಕ್ಷೇತ್ರ ಬಿಂದುಗಳನ್ನು ಜೋಡಿಸುವ ಕೊಂಡಿಗಳಲ್ಲಿ ಇರುತ್ತವೆ. 1980ರ ಹೊತ್ತಿಗೆ ಮೈಕೆಲ್ ಕ್ರೂಟ್ಸ್ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸುವ ಮಾಂಟೆ ಕಾರ್ಲೊ ವಿಧಾನದಿಂದ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು.

ಗಣನೆ ಆರಂಭಿಸುವಾಗ ಕಂಪ್ಯೂಟರಿಗೆ ಕೊಡುವುದು ಮೂಲ ಕಪ್ಲಿಂಗ್ ಮತ್ತು ಕ್ವಾರ್ಕ್ ದ್ರವ್ಯರಾಶಿಗಳನ್ನು ಮಾತ್ರ. ಬಿಂದುಗಳ ನಡುವಿನ ಅಂತರ ಎಷ್ಟೆಂಬುದು ಆಗ ಗೊತ್ತಿರುವುದಿಲ್ಲ. ಲೆಕ್ಕದಿಂದ ಬಂದ ಕಣದ ದ್ರವ್ಯರಾಶಿ ಅಥವಾ ಕ್ಷಯಾಂಕವನ್ನು ಪ್ರಯೋಗದಲ್ಲಿ ಅಳೆದ ಬೆಲೆಯೊಂದಿಗೆ ಹೋಲಿಸಿ ಆ ಅಂತರವನ್ನು ಕಂಡುಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ 0.1 ಫೆಮ್ಟೊಮೀಟರ್ ಅಥವಾ ಅದಕ್ಕಿಂತ ಕಡಿಮೆ. ಬೇರೆ ಬೇರೆ ಅಂತರಗಳಲ್ಲಿ ಗಣನೆ ಮಾಡಿ, ಅಂತರ ಸೊನ್ನೆಯಾದಾಗ ಬರಬೇಕಾದ ಬೆಲೆಯನ್ನು ಅಂದಾಜಿಸುತ್ತಾರೆ.

ನಿಜವಾದ ತೊಡಕು ಕಣಗಳ ದ್ರವ್ಯರಾಶಿಯನ್ನು ಹೋಲಿಸುವ ಕೆಳಗಿನ ಶಕ್ತಿಯಿಂದ ಝಡ್ ಬೋಸಾನ್ ಮಟ್ಟದ ಮೇಲಿನ ಶಕ್ತಿಗೆ ಏರುವುದರಲ್ಲಿದೆ. ಎರಡನ್ನೂ ಒಂದೇ ಜಾಲಕದಲ್ಲಿ ಹಿಡಿಸಬೇಕಾದರೆ ಅದು ಬಹು ದೊಡ್ಡದೂ ಬಹು ಸೂಕ್ಷ್ಮವೂ ಆಗಿರಬೇಕು. ಮಾರ್ಟಿನ್ ಲ್ಯೂಷರ್, ಪೀಟರ್ ವೈಸ್, ಉಲ್ಲಿ ವೋಲ್ಫ್ 1991ರಲ್ಲಿ ಹಂತ ಹಂತವಾಗಿ ಏರುವ ವಿಧಾನವನ್ನು ಸೂಚಿಸಿದರು. ಸೀಮಿತ ಗಾತ್ರದ ಪೆಟ್ಟಿಗೆಯ ಅಳತೆಯನ್ನೇ ಶಕ್ತಿಯ ಮಾನವಾಗಿಟ್ಟುಕೊಂಡು, ಅಳತೆ ಎರಡು ಪಟ್ಟು ಬದಲಾದಾಗ ಕಪ್ಲಿಂಗ್ ಎಷ್ಟು ಬದಲಾಗುತ್ತದೆಂದು ಲೆಕ್ಕ ಹಾಕುವುದೇ ಇದರ ತಿರುಳು. ಈ ದಾರಿಯಲ್ಲಿ ಆಲ್ಫಾ ಸಂಶೋಧಕ ತಂಡ 2017ರಲ್ಲಿ 0.2ರಿಂದ 70 ಜಿಇವಿ ವರೆಗೆ ಕಪ್ಲಿಂಗ್‌ನ ಬದಲಾವಣೆಯನ್ನು ಗಣಿಸಿತು. ಪಯಾನ್ ಮತ್ತು ಕಯಾನ್‌ಗಳ ಅಳತೆಗಳನ್ನು ಆಧಾರವಾಗಿಟ್ಟುಕೊಂಡ ಈ ಲೆಕ್ಕ ಝಡ್ ದ್ರವ್ಯರಾಶಿಯ ಶಕ್ತಿಯಲ್ಲಿ 0.1185 ಎಂಬ ಉತ್ತರ ಕೊಟ್ಟಿತು, ಅನಿಶ್ಚಿತತೆ 0.0008. ಜಾಲಕದ ಕೊಂಡಿಗಳಿಂದಾದ ಪುಟ್ಟ ಮುಚ್ಚಿದ ದಾರಿಗಳು (ವಿಲ್ಸನ್ ಕುಣಿಕೆಗಳು), ಭಾರ ಕ್ವಾರ್ಕ್‌ಗಳ ನಡುವಿನ ವಿಭವ, ಭಾರ ಕ್ವಾರ್ಕ್ ಪ್ರವಾಹಗಳ ಸಹಸಂಬಂಧ ಇವುಗಳಿಂದಲೂ ಆಲ್ಫಾ-ಎಸ್ ಬೆಲೆಯನ್ನು ಸ್ವತಂತ್ರವಾಗಿ ಪಡೆಯುತ್ತಾರೆ.

ಜಾಲಕ ಸಿದ್ಧಾಂತದ ವಾರ್ಷಿಕ ಅಂತರರಾಷ್ಟ್ರೀಯ ಸಮ್ಮೇಳನದ 18ನೆಯ ಅಧಿವೇಶನ 2000ದ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಅದರ ಪ್ರಬಂಧ ಸಂಪುಟದ ಸಂಪಾದಕರಲ್ಲಿ ಅಪೂರ್ವ ಪಟೇಲ್ ಒಬ್ಬರು. ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡಿದವರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ದೇಶದ ಜಾಲಕ ಗಣನೆಯ ಮತ್ತೊಂದು ಪ್ರಮುಖ ನೆಲೆ.

ವಿವಿಧ ಜಾಲಕ ಗಣನೆಗಳನ್ನು ಒರೆಗೆ ಹಚ್ಚಿ ಸರಾಸರಿ ಕೊಡುವ ಫ್ಲ್ಯಾಗ್ ಸಮೂಹದ 2024ರ ವರದಿಯಲ್ಲಿರುವ ಬೆಲೆ 0.1183, ಅನಿಶ್ಚಿತತೆ 0.0007. ಆಲ್ಫಾ-ಎಸ್ ನಿರ್ಣಯದ ವಿಧಾನಗಳಲ್ಲಿ ಇಂದು ಅತ್ಯಂತ ನಿಖರವಾದುವುಗಳ ಸಾಲಿನಲ್ಲಿ ಜಾಲಕ ಗಣನೆ ನಿಲ್ಲುತ್ತದೆ.